ಒಡಂಬಡಿಕೆಗೆ ಮೊದಲು ಗಿರಾಕಿ ಯಾರೆಂದು ಕೇಳಿ: ಕೈಗಾರಿಕಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಬೃಹತ್ ಮತ್ತು ಮಧ್ಯಮ ಕೈಗಾರಿಕಾ ಸಚಿವರಿಗೆ,

ಹೂಡಿಕೆದಾರರ ಸಮಾವೇಶ ಮುಗಿದ ಸಂಜೆ ಎಷ್ಟು ಸಾವಿರ ಕೋಟಿಯ ಹೂಡಿಕೆಗೆ ಒಡಂಬಡಿಕೆಯಾಯಿತು ಎಂಬ ಲೆಕ್ಕ ಹೊರಬೀಳುತ್ತದೆ. ನೀರೆಲ್ಲಿಂದ, ಕಚ್ಚಾಮಾಲು ಎಷ್ಟು ದೂರ, ಸರಕು ಕೊಳ್ಳುವವರು ಯಾರು ಎಂಬ ಲೆಕ್ಕ ಮಾತ್ರ ಕಾಣುವುದಿಲ್ಲ. ಹಳೆಯ ಮೈಸೂರು ಸಂಸ್ಥಾನ ಈ ಲೆಕ್ಕ ಹಾಕಿ ಗೆದ್ದದ್ದೂ ಇದೆ, ತಪ್ಪಿ ನರಳಿದ್ದೂ ಇದೆ.

ಶಿವನಸಮುದ್ರದ ಜಲವಿದ್ಯುತ್ ಯೋಜನೆಯಲ್ಲಿ ಗಿರಾಕಿಯನ್ನೇ ಮೊದಲು ಹಿಡಿದರು. ಕೋಲಾರದ ಚಿನ್ನದ ಗಣಿಗಳನ್ನು ನಂಬಿ 1902ರಲ್ಲಿ ಸುಮಾರು 147 ಕಿ.ಮೀ. ತಂತಿ ಎಳೆದು ವಿದ್ಯುತ್ ಕೊಟ್ಟರು. ಬೆಂಗಳೂರಿನ ಬೀದಿದೀಪದ ಸರದಿ ಬಂದದ್ದು 1905ರಲ್ಲಿ! ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಟರ್ಬೈನ್ ತಿರುಗದು. ಕನ್ನಂಬಾಡಿಯಲ್ಲಿ ನೀರು ನಿಲ್ಲಿಸಲು ಇದೂ ಒಂದು ಕಾರಣ.

ಮಂಡ್ಯದಲ್ಲಿ ನಾಲೆಯ ನೀರು, ಕಬ್ಬು, ಹೊರದೇಶದ ಸಕ್ಕರೆಯ ಮೇಲೆ 1932ರಲ್ಲಿ ಹಾಕಿದ ರಕ್ಷಣಾ ಸುಂಕ ಮೂರೂ ಕೂಡಿಬಂದವು. 1933ರಲ್ಲಿ ಸರ್ಕಾರವೂ ಷೇರು ಹಾಕಿ ಕಂಪನಿ ಕಟ್ಟಿತು. ಕಡಿದ ಕಬ್ಬು ಒಣಗಿದಷ್ಟೂ ತೂಕ, ಸಕ್ಕರೆಯ ಇಳುವರಿ ಎರಡೂ ಇಳಿಯುವುದರಿಂದ ಕಾರ್ಖಾನೆ ಗದ್ದೆಗಳ ನಡುವೆಯೇ ಇರಬೇಕಿತ್ತು, ಇತ್ತು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಥೆ ಬೇರೆ. ಕಬ್ಬಿಣಕ್ಕೆ ಯುದ್ಧಕಾಲದ ದರವಿದ್ದಾಗ ಯೋಜನೆ ರೂಪುಗೊಂಡಿತು, 1923ರಲ್ಲಿ ಕುಲುಮೆ ಹೊತ್ತುವ ವೇಳೆಗೆ ಬೀಡುಕಬ್ಬಿಣದ ಬೆಲೆ ಕುಸಿದಿತ್ತು. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಆದರೆ ಹತ್ತಿರದಲ್ಲೆಲ್ಲೂ ಕೋಕ್ (ಕುಲುಮೆಗೆ ಬೇಕಾದ ಗಟ್ಟಿ ಇಂಧನ) ಆಗುವ ಕಲ್ಲಿದ್ದಲಿರಲಿಲ್ಲ. ಹಾಗಾಗಿ ಮಲೆನಾಡಿನ ಮರ ಸುಟ್ಟ ಇದ್ದಿಲು. ಇದ್ದಿಲು ಮೇಲಿನ ಅದಿರಿನ ಭಾರಕ್ಕೆ ಪುಡಿಯಾಗುತ್ತದೆ, ಪುಡಿ ಗಾಳಿಯ ದಾರಿ ಕಟ್ಟುತ್ತದೆ. ಆದ್ದರಿಂದ ಕುಲುಮೆಯನ್ನು ಬಹಳ ಎತ್ತರಕ್ಕೆ ಕಟ್ಟುವಂತಿಲ್ಲ, ಕುಲುಮೆ ಚಿಕ್ಕದಾದಷ್ಟೂ ಟನ್ನಿನ ಮೇಲಿನ ಖರ್ಚು ಹೆಚ್ಚು. ಹತ್ತಿರದ ಕಾಡು ಬರಿದಾದಂತೆ ಸೌದೆಯ ಸಾಗಣೆಯೂ ದುಬಾರಿ. ವಿಶ್ವೇಶ್ವರಯ್ಯನವರಂಥವರು ಹೊಣೆ ಹೊತ್ತರೂ ಈ ಮೂಲದ ತೊಡಕು ಹೋಗಲಿಲ್ಲ. ಕಾರ್ಖಾನೆ ಉಳಿದದ್ದು ಸರ್ಕಾರ ನಷ್ಟ ತಾಳಿಕೊಂಡಿದ್ದರಿಂದ. ಖಾಸಗಿ ಬಂಡವಾಳವಾಗಿದ್ದರೆ ಬಾಗಿಲು ಹಾಕುತ್ತಿತ್ತು ಎಂದೇ ನಮ್ಮ ಅಭಿಪ್ರಾಯ.

ತಮ್ಮಲ್ಲಿ ಕೋರಿಕೆ ಇಷ್ಟೆ. ಪ್ರತಿ ಒಡಂಬಡಿಕೆಯ ಜೊತೆ ಒಂದು ಪುಟದ ವಿವರ ಪ್ರಕಟಿಸಿ: ಏಪ್ರಿಲ್–ಮೇ ತಿಂಗಳ ನೀರಿನ ಮೂಲ, ಕಚ್ಚಾಮಾಲಿನ ದೂರ ಮತ್ತು ಸಾಗಣೆ ದರ, ಲಿಖಿತ ಖರೀದಿ ಕರಾರು ಇದೆಯೇ, ಸರಕಿನ ಬೆಲೆ ಮೂರನೇ ಒಂದು ಭಾಗ ಇಳಿದರೆ ಘಟಕ ನಡೆಯುತ್ತದೆಯೇ. ಸಹಾಯಧನವನ್ನು ಶಂಕುಸ್ಥಾಪನೆಗೆ ಕೊಡಬೇಡಿ, ಉತ್ಪಾದನೆ ಶುರುವಾದ ಮೇಲೆ ಕಂತಿನಲ್ಲಿ ಕೊಡಿ. ಜಮೀನಿನ ಹಂಚಿಕೆ ಪತ್ರದಲ್ಲೇ ಗಡುವು ಬರೆದು, ಮೀರಿದರೆ ವಾಪಸ್ ಪಡೆಯುವ ಷರತ್ತು ಹಾಕಿ.

ಇಂತಿ ತಮ್ಮ ವಿಶ್ವಾಸಿಗಳು