ಸಾವಿನ ಸುದ್ದಿ ಖಚಿತವಾಗಿರಲಿ

ಮಾನ್ಯರೇ,

ರೂಪದರ್ಶಿ ಪೂನಂ ಪಾಂಡೆ ಅವರ ವಿವಾದಗಳ ಕುರಿತ ನಿಮ್ಮ ಪತ್ರಿಕೆಯ ವರದಿಯು 2024ರ ಫೆಬ್ರುವರಿಯ ಸುಳ್ಳು ಸಾವಿನ ಪ್ರಕರಣವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿಯಲ್ಲ. 2011ರ ಕ್ರಿಕೆಟ್ ವಿಶ್ವಕಪ್ ವೇಳೆ ಭಾರತ ಗೆದ್ದರೆ ಬೆತ್ತಲಾಗುವೆನೆಂದ ಹೇಳಿಕೆಯಾಗಲಿ, 2020ರಲ್ಲಿ ಗೋವಾದ ಕಾಣಕೋಣದಲ್ಲಿ ಅಶ್ಲೀಲ ವಿಡಿಯೊ ಚಿತ್ರೀಕರಿಸಿದ ಆರೋಪದಲ್ಲಿ ಆದ ಬಂಧನವಾಗಲಿ ಬಹುಮಟ್ಟಿಗೆ ಅವರಿಗೇ ಸೀಮಿತ. ಆದರೆ ಅವರು ಗರ್ಭಕಂಠದ ಕ್ಯಾನ್ಸರ್‌ನಿಂದ ತೀರಿಕೊಂಡರೆಂದು ಅವರದೇ ಇನ್‌ಸ್ಟಾಗ್ರಾಂ ಖಾತೆಯಲ್ಲಿ ಬಂದ ಬರಹವನ್ನು ಮಾಧ್ಯಮಗಳು ಪರಿಶೀಲಿಸದೆ ಹಬ್ಬಿಸಿದ್ದು, ಮರುದಿನವೇ ಅವರು ಕಾಣಿಸಿಕೊಂಡು ಜಾಗೃತಿಗಾಗಿ ಹೀಗೆ ಮಾಡಿದೆನೆಂದದ್ದು, ಅದೇ ಕಾಯಿಲೆ ಹೊತ್ತು ಮುಂಬೈನ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಅಲೆಯುವ ಹೆಣ್ಣುಮಕ್ಕಳಿಗೆ ಬಗೆದ ಅನ್ಯಾಯ. ಈ ಕಾಯಿಲೆ ತಡೆಯುವ ಎಚ್‌ಪಿವಿ ಲಸಿಕೆ ಪುಣೆಯಲ್ಲೇ ತಯಾರಾಗುತ್ತಿದ್ದರೂ ಎಷ್ಟೋ ಮನೆಗಳಿಗೆ ಅದರ ಹೆಸರೂ ತಿಳಿಯದು. ಇಲ್ಲಿನ ಕನ್ನಡ ಪತ್ರಿಕೆಗಳಾದರೂ ಕುಟುಂಬದವರಿಂದಲೋ ಆಸ್ಪತ್ರೆಯಿಂದಲೋ ಖಚಿತಪಡಿಸಿಕೊಳ್ಳದೆ ಯಾರ ಸಾವನ್ನೂ ಪ್ರಕಟಿಸದಿರಲಿ; ಇಂತಹ ಸುದ್ದಿಯ ಜೊತೆಗೆ ಲಸಿಕೆಯ ವಯಸ್ಸು, ತಪಾಸಣೆಯ ವಿವರಗಳನ್ನು ತಜ್ಞ ವೈದ್ಯರಿಂದ ಬರೆಸಿ ಕೊಡಲಿ.

– ಓರ್ವ ಓದುಗ, ಡೊಂಬಿವಲಿ