ದೋಸ್ತನಿಗೊಂದು ಪತ್ರ: ಮೂರನೇ ಸಾಲು

ಪ್ರೀತಿಯ ದೋಸ್ತ,

ಹೋದ ವಾರ ಫೋನಿನಲ್ಲಿ ನೀನು ಕೇಳಿದೆ, "ಈಗ ಏನ್ ಹಾಡು ಕೇಳ್ತೀಲೇ?" ಎಂದು. ನಾನು "ಎಲ್ಲಾ ಕೇಳ್ತೀನಿ" ಎಂದು ಮಾತು ಮುಗಿಸಿಬಿಟ್ಟೆ. ಅದು ಸುಳ್ಳು. ಎಲ್ಲಾ ಕೇಳುವವನು ನಾನು ಯಾವತ್ತೂ ಆಗಿರಲಿಲ್ಲ. ಒಂದನ್ನು ಹಿಡಿದಾಗ ಇನ್ನೊಂದನ್ನು ಕೈಬಿಟ್ಟವನು. ಅದನ್ನು ಸರಿಯಾಗಿ ಹೇಳೋಣ ಎಂದು ಈ ಪತ್ರ. ಎಲ್ಲರಿಗೂ ಕಾಣುವಂತೆ ಇಲ್ಲೇ ಬರೆಯುತ್ತಿದ್ದೇನೆ. ಧಾರವಾಡದಲ್ಲಿ ನಮ್ಮ ಖೋಲಿಯಲ್ಲಿದ್ದ ಉಳಿದಿಬ್ಬರೂ ಓದಲಿ. ಆದರೆ ಪೇಢೆ ಮತ್ತು ಹಲ್ಲಿಯ ಕಥೆಯನ್ನು ಮಾತ್ರ ಯಾರೂ ತೆಗೆಯುವಂತಿಲ್ಲ.

ಆ ಕ್ಯಾಸೆಟ್ ನಿನಗೆ ನೆನಪಿದೆಯಾ? ಹುಬ್ಬಳ್ಳಿಯ ಅಂಗಡಿಯಲ್ಲಿ ತುಂಬಿಸಿಕೊಂಡು ಬಂದದ್ದು. 60 ನಿಮಿಷದ ಖಾಲಿ ಕ್ಯಾಸೆಟ್, ಜೊತೆಗೆ ಚೀಟಿಯಲ್ಲಿ ಹಾಡುಗಳ ಪಟ್ಟಿ. ಒಂದು ಕಡೆಗೆ 30 ನಿಮಿಷ. ಆರು ಹಾಡು ಹಿಡಿಯುತ್ತಿದ್ದವು. ನಾನು ಆಸೆಗೆ ಏಳು ಬರೆದಿದ್ದೆ. ಏಳನೆಯದು ಎರಡನೇ ಚರಣದ ನಡುವೆ, ಒಂದು ಅಕ್ಷರದ ಅರ್ಧಕ್ಕೆ ನಿಂತಿತು. ಎಷ್ಟು ವರ್ಷವಾಯಿತು ನೋಡು, ಇವತ್ತಿಗೂ ಎಲ್ಲಾದರೂ ಆ ಹಾಡು ಬಂದರೆ ನನ್ನ ಕಿವಿ ಅಲ್ಲಿಗೇ ಮುಗಿಸಿಬಿಡುತ್ತದೆ. ಉಳಿದ ಭಾಗ ಬೇರೆ ಯಾರದೋ ಹಾಡಿನಂತೆ ಕೇಳಿಸುತ್ತದೆ.

ಹತ್ತರಿಂದ ಮೂವತ್ತು ವರ್ಷದ ನಡುವಿನ ನೆನಪುಗಳು ಮನುಷ್ಯನಲ್ಲಿ ಜಾಸ್ತಿ ಗಟ್ಟಿಯಾಗಿ ಉಳಿಯುತ್ತವೆ, ಆಗ ಕೇಳಿದ ಹಾಡುಗಳೂ ಹಾಗೇ ಅಂತ ಮನಸ್ಸಿನ ಬಗ್ಗೆ ಅಧ್ಯಯನ ಮಾಡಿದವರು ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಖರೆ. ಆದರೆ ಆ ವಯಸ್ಸಿನಲ್ಲಿ ನಮ್ಮ ಕಿವಿಗೆ ಬೀಳುವುದು ಎಷ್ಟು ಸಣ್ಣ ಜಗತ್ತು, ಅಲ್ವಾ? ಎ.ಆರ್. ರೆಹಮಾನ್ ಸಂಗೀತದ ಮೊದಲ ಸಿನಿಮಾ ಬಂದದ್ದು 1992ರ ಆಗಸ್ಟ್ ತಿಂಗಳಲ್ಲಿ. ಮುಂದಿನ ತಿಂಗಳು, ಸೆಪ್ಟೆಂಬರ್ 12ಕ್ಕೆ, ಧಾರವಾಡದ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ತೀರಿಕೊಂಡರು. ನನಗೆ ಆಗ 13 ವರ್ಷ. ಹಾವೇರಿ ಹತ್ತಿರದ ನಮ್ಮೂರಿನಲ್ಲಿದ್ದೆ. ಹಾವೇರಿ ಇನ್ನೂ ಬೇರೆ ಜಿಲ್ಲೆ ಆಗಿರಲಿಲ್ಲ, ನಾವೂ ಧಾರವಾಡ ಜಿಲ್ಲೆಯವರೇ. ರೆಹಮಾನ್ ಹಾಡುಗಳು ಹಿಂದಿಯಲ್ಲಿ ನಮ್ಮೂರು ಮುಟ್ಟಲು ಒಂದು ವರ್ಷ ಹಿಡಿಯಿತು. ನಮ್ಮದೇ ಜಿಲ್ಲೆಯ ಮನ್ಸೂರರು ನನ್ನನ್ನು ಮುಟ್ಟಲು ಐದು ವರ್ಷ ಬೇಕಾಯಿತು.

ಅದೂ ನಿನ್ನಿಂದ. ಧಾರವಾಡದಲ್ಲಿ ಮೊದಲ ಸಲ ನನ್ನನ್ನು ಸಂಗೀತ ಕಛೇರಿಗೆ ಎಳೆದುಕೊಂಡು ಹೋದವನು ನೀನೇ. ಜಮಖಾನದ ಮೇಲೆ ಕುಳಿತೆವು. ಟಿಕೆಟ್ ಇರಲಿಲ್ಲ. ಅಕ್ಕಪಕ್ಕ ಕುಳಿತವರು ಯಾರು ಅಂತೀ? ಬ್ಯಾಂಕಿನವರು, ಮಾಸ್ತರರು, ಸಂತೆಯ ಚೀಲ ಪಕ್ಕಕ್ಕಿಟ್ಟುಕೊಂಡ ಒಬ್ಬ ಅಜ್ಜ. ಬಡಾ ಖ್ಯಾಲ್ ಶುರುವಾಯಿತು, ರಾಗವನ್ನು ನಿಧಾನವಾಗಿ ಬಿಚ್ಚುತ್ತಾ ಹಾಡುವುದು. ವಿಲಂಬಿತ ಏಕತಾಳ, ಅಂದರೆ ನಿಧಾನ ಲಯದ ತಾಳ, 12 ಮಾತ್ರೆ, ಅಂದರೆ 12 ಎಣಿಕೆ. ಒಂದು ಆವರ್ತ ಸುತ್ತಿ ಬರಲು ಹೆಚ್ಚುಕಡಿಮೆ ಒಂದು ನಿಮಿಷ. ಐದು ನಿಮಿಷದಲ್ಲಿ ಇಡೀ ಹಾಡು ಮುಗಿದು ಕುಣಿತವೂ ಮುಗಿಯುವ ಜಗತ್ತಿನಿಂದ ಬಂದವನು ನಾನು. ಇಲ್ಲಿ ಐದು ನಿಮಿಷಕ್ಕೆ ಅವರು ಇನ್ನೂ ಒಂದೇ ಸ್ವರದ ಸುತ್ತ ಓಡಾಡುತ್ತಿದ್ದರು. ನಿನ್ನ ಹೆಗಲ ಮೇಲೆ ನಿದ್ದೆ ಮಾಡಿದೆ. ಎಬ್ಬಿಸಲಿಲ್ಲ ನೀನು.

ಮುಂದಿನ ಕಛೇರಿಯಿಂದ ನಾನು ನಿದ್ದೆ ಮಾಡಲಿಲ್ಲ. ಆದರೆ ಕೇಳಲೂ ಇಲ್ಲ. ಮುಂದೆ ಕುಳಿತ ಅಜ್ಜನ ಕೈ ನೋಡುತ್ತಿದ್ದೆ. ಅವರು ತೊಡೆ ಮೇಲೆ ತಾಳ ಹಾಕುತ್ತಾ ಸಮ್, ಅಂದರೆ ಆವರ್ತದ ಮೊದಲ ಮಾತ್ರೆ, ಬಂದಾಗ ತಲೆ ತೂಗಿದರೆ ನಾನೂ ತೂಗುತ್ತಿದ್ದೆ. ಅವರು "ವಾಹ್" ಅಂದರೆ ನಾನೂ ಮೆಲ್ಲಗೆ ಅನ್ನುತ್ತಿದ್ದೆ. ಧಾರವಾಡದಲ್ಲಿ ಸಂಗೀತ ತಿಳಿಯದವನು ಅನ್ನಿಸಿಕೊಳ್ಳಲು ನನಗೆ ನಾಚಿಕೆ ಇತ್ತು. ನಮ್ಮೂರಿನ ಮಾತಿನ ಧಾಟಿಗೇ ಮೊದಲ ವರ್ಷ ಕ್ಲಾಸಿನಲ್ಲಿ ನಕ್ಕಿದ್ದರಲ್ಲ, ಅದು ಒಳಗೆ ಉಳಿದಿತ್ತು. ನಿನಗೆ ಇದೆಲ್ಲ ಗೊತ್ತಾಗಿತ್ತು ಅಂತ ನನಗೂ ಗೊತ್ತು. ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ ನೀನು.

ಬಾಗಿಲು ತೆರೆದದ್ದು ವಚನಗಳಿಂದ. ಮನ್ಸೂರರು ಹಾಡಿದ ವಚನಗಳ ಕ್ಯಾಸೆಟ್ ಯಾರದೋ ಖೋಲಿಯಲ್ಲಿ ಸಿಕ್ಕಿತು. ರಾಗ ತಿಳಿಯದಿದ್ದರೂ ಮಾತು ತಿಳಿಯುತ್ತಿತ್ತು. ಮನೆಯಲ್ಲಿ ಕೇಳಿ ಬೆಳೆದ ಮಾತುಗಳೇ ಅವು. ಅದೇ ಮಾತನ್ನು ಅವರು ಮತ್ತೆ ಮತ್ತೆ ಹೇಳುತ್ತಾ ಒಂದೊಂದು ಸಲ ಒಂದೊಂದು ಮಗ್ಗುಲು ತೋರಿಸುತ್ತಿದ್ದರು. ಅಲ್ಲಿಂದ ಅವರ ಖ್ಯಾಲ್‌ಗೆ ಬಂದೆ. ಅವರದು ಜೈಪುರ-ಅತ್ರೌಲಿ ಘರಾಣೆ, ಅಂದರೆ ಆ ಗುರುಪರಂಪರೆಯ ಹಾಡುಗಾರಿಕೆ. ಕಿರಾನಾ ಎಂಬ ಇನ್ನೊಂದು ಘರಾಣೆಯಂತೆ ಅಷ್ಟು ನಿಧಾನ ಅಲ್ಲ, ಪಲ್ಲವಿ ಬೇಗ ಬೇಗ ತಿರುಗಿ ಬರುತ್ತದೆ. ಎರಡು ರಾಗ ಕೂಡಿಸಿದ ಜೋಡ ರಾಗಗಳು ಬೇರೆ. ನನ್ನಂಥ ಅವಸರದವನಿಗೆ ಅದು ಸರಿಯಾದ ಮೊದಲ ಮೆಟ್ಟಿಲು. ಕಿರಾನಾ ಆಮೇಲೆ ಬಂತು.

ಬಂದದ್ದು 2009ರ ಜುಲೈ 21ರಂದು. ಅವತ್ತು ಕಿರಾನಾ ಘರಾಣೆಯ ಗಾಯಕಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಅವರಿಗೆ 96 ವರ್ಷ. ಕಣ್ಣು ದಾನ ಮಾಡಿ ಹೋದರು. ಸಂಜೆ ಆಫೀಸಿನಿಂದ ಮನೆಗೆ ಹೊರಟವನು ಮಳೆಗೆ ಒಂದು ಚಹಾದಂಗಡಿಯ ಮುಂದೆ ನಿಂತೆ. ಒಳಗೆ ಟಿವಿಯಲ್ಲಿ ಅವರ ಹಳೆಯ ಹಾಡು ಹಾಕಿದ್ದರು. ಆ ದಪ್ಪ ದನಿ. ಹುಡುಗಿಯಾಗಿದ್ದಾಗಿನ ರೆಕಾರ್ಡುಗಳಲ್ಲಿ ಅವರ ದನಿ ತೆಳ್ಳಗೆ, ಮೇಲೆ ಇತ್ತು. ಗಂಟಲಿನ ಚಿಕಿತ್ಸೆ ಆದಮೇಲೆ ದನಿ ಕೆಳಗಿಳಿಯಿತು. ಇದ್ದ ದನಿಯೇ ಹೋದರೂ ಅವರು ಹಾಡು ನಿಲ್ಲಿಸಲಿಲ್ಲ. ಹೊಸ ದನಿಯನ್ನೇ ತಮ್ಮದು ಮಾಡಿಕೊಂಡರು. 18ರಲ್ಲಿ ನಾನು ಆ ದನಿ ಕೇಳಿ "ಇದು ಹೆಣ್ಣು ದನಿಯಾ?" ಎಂದು ನಕ್ಕಿದ್ದೆ. 30ರಲ್ಲಿ ಕೈಯಲ್ಲಿ ಚಹಾ ಹಿಡಿದು ನಿಂತೇ ಇದ್ದೆ. ಚಹಾ ಆರಿಹೋಯಿತು. ಅವತ್ತು ಮೊದಲ ಸಲ ಸಮ್‌ಗಾಗಿ ನಾನಾಗಿಯೇ ಕಾಯ್ದೆ. ಯಾರ ಕೈಯನ್ನೂ ನೋಡಲಿಲ್ಲ.

ನನ್ನಲ್ಲಿ ಬದಲಾದದ್ದು ಇದೇ ಅಂತ ಈಗ ಅನ್ನಿಸುತ್ತದೆ. ಕಾಯುವುದು ಬಂತು. ಎರಡು ಆಸ್ಪತ್ರೆ ರಾತ್ರಿಗಳು, ಅಪ್ಪನ ಕೊನೆಯ ತಿಂಗಳು, ಮಗಳು ಹುಟ್ಟುವಾಗ ಹೊರಗಿನ ಬೆಂಚು. ಇವೆಲ್ಲ ಆದಮೇಲೆ 12 ಮಾತ್ರೆ ಉದ್ದ ಅನ್ನಿಸುವುದಿಲ್ಲ ದೋಸ್ತ.

ಇಲ್ಲಿಗೇ ನಿಲ್ಲಿಸಿದ್ದರೆ ಚೆಂದದ ಪತ್ರ ಆಗುತ್ತಿತ್ತು. ಆದರೆ ಎರಡು ತಿಂಗಳಿಂದ ಒಂದು ವಿಷಯ ನನ್ನನ್ನು ಬಿಡುತ್ತಿಲ್ಲ.

ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯಬೇಕು ಅಂತ ಆದಾಗ ಮನೆಯವರು 1928ರಲ್ಲಿ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂದರು. ತನ್ನ ಹಾಡು ಮಗಳ ಕಿವಿಗೆ ಬಿದ್ದು ಅವಳ ಕಲಿಕೆ ಕೆಡಬಾರದು ಎಂದು ಆ ತಾಯಿ ತಾನು ಹಾಡುವುದನ್ನೇ ಬಿಟ್ಟಳು. 1932ರಲ್ಲಿ ತೀರಿಹೋದಳು. ಮಗಳು ಆಮೇಲೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬಂದು ಸವಾಯಿ ಗಂಧರ್ವರಲ್ಲಿ ಕಲಿತದ್ದು, ದೊಡ್ಡ ಹೆಸರಾದದ್ದು, ಇದೆಲ್ಲ ನಿನಗೆ ಗೊತ್ತು. ಪ್ರತಿ ಡಿಸೆಂಬರಿಗೆ ಪುಣೆಯಲ್ಲಿ ಅದೇ ಸವಾಯಿ ಗಂಧರ್ವರ ಹೆಸರಿನ ಮಹೋತ್ಸವದಲ್ಲಿ ಕುಳಿತು ನನಗೆ ಫೋಟೊ ಕಳಿಸುವವನು ನೀನು. ಅಂಬಾಬಾಯಿಯ ಈ ಕಥೆ ನಾನು ಮೊದಲೂ ಓದಿದ್ದೆ. ಎಂಥ ತ್ಯಾಗ ಅಂದುಕೊಂಡು ಪುಟ ತಿರುಗಿಸಿದ್ದೆ. ಈ ಸಲ ಪುಟ ತಿರುಗಲಿಲ್ಲ. ನಮ್ಮ ಅವ್ವ ಕಣ್ಣ ಮುಂದೆ ಬಂದಳು.

ನನ್ನ ತಂಗಿಯ ಮದುವೆ, 2004. ನೀನು ಬಂದಿದ್ದೆ. ಅಂಗಳದಲ್ಲಿ ಸುರಗಿ ಸುತ್ತುತ್ತಿದ್ದರು. ಅವ್ವ, ದೊಡ್ಡವ್ವ, ಓಣಿಯ ನಾಲ್ಕು ಹೆಣ್ಣುಮಕ್ಕಳು ಸೋಬಾನೆ ಹಾಡುತ್ತಿದ್ದರು. ಅವ್ವ ಹೇಳುವುದು, ಉಳಿದವರು ಹಿಂದೆ ಹೇಳುವುದು. ಮೂರು ಸಾಲಿನ ಪದ. ಎರಡನೇ ಸಾಲನ್ನು ಅವ್ವ ಯಾವಾಗಲೂ ಎರಡು ಸಲ ಹೇಳುತ್ತಿದ್ದಳು. ಆ ಎರಡನೇ ಸಲದಲ್ಲಿ ದನಿ ಸ್ವಲ್ಪ ಏರಿಸುತ್ತಿದ್ದಳು. ಬೀಸುವಾಗಲೂ ಹಾಗೇ. ಜೋಳ ಗಿರಣಿಗೆ ಹೋಗಲು ಶುರುವಾಗಿ ಎಷ್ಟೋ ವರ್ಷ ಆಗಿತ್ತು, ಆದರೂ ನುಚ್ಚು, ಬೇಳೆ ಮನೆಯ ಬೀಸುವ ಕಲ್ಲಿನಲ್ಲೇ ಆಗುತ್ತಿದ್ದವು. ನಾನು ಅವಳ ತೊಡೆ ಮೇಲೆ ತಲೆಯಿಟ್ಟು ಮಲಗಿದರೆ ಕಲ್ಲು ತಿರುಗುವ ಸದ್ದು ಕಿವಿಯಲ್ಲಿ, ಹಾಡು ತಲೆಯ ಮೇಲೆ. ಅದು ನನಗೆ ಹತ್ತು ವರ್ಷ ತುಂಬುವ ಮೊದಲಿನ ನೆನಪು. ಯಾವ ಲೆಕ್ಕಕ್ಕೂ ಸಿಗದ ನೆನಪು.

ಅವತ್ತು ಹುಬ್ಬಳ್ಳಿಯಿಂದ ನನ್ನ ಆಫೀಸಿನವರು ಬಂದಿದ್ದರು. ಅವರಲ್ಲಿ ಸಂಗೀತ ತಿಳಿದ ಹಿರಿಯರೊಬ್ಬರಿದ್ದರು. ಅವರ ಹತ್ತಿರ ನಾನು ದಿನಾ ಮನ್ಸೂರರ ಬಗ್ಗೆ ಮಾತಾಡುತ್ತಿದ್ದೆ. ಅವರ ಮುಂದೆ ಅವ್ವನ ದನಿ ಒಮ್ಮೆಲೇ ನನಗೆ ಒರಟಾಗಿ ಕೇಳಿಸಿತು. ಶ್ರುತಿ ಇಲ್ಲ, ತಾಳ ಇಲ್ಲ ಅನ್ನಿಸಿತು. ನಾನು ಹೋಗಿ ಎಲ್ಲರ ನಡುವೆ ಅಂದೆ: "ಸಾಕು ಮಾಡಬೇ ಅವ್ವಾ, ಮಂದಿ ನಗತಾರ."

ಯಾರೂ ನಗುತ್ತಿರಲಿಲ್ಲ ದೋಸ್ತ. ಆ ಹಿರಿಯರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನೀನು ಹಿಂದಿನಿಂದ "ಹಾಡ್ಲಿ ಬಿಡಲೇ" ಅಂದೆ. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು "ಆತಪಾ" ಅಂದಳು, ಅಷ್ಟೇ. ಪದ ನಡುವೆ ನಿಂತಿತು. ಎರಡನೇ ಸಾಲು ಒಂದೇ ಸಲ ಆಗಿತ್ತು.

ಆಮೇಲೆ ಅವಳು ನನ್ನ ಮುಂದೆ ಹಾಡಿಲ್ಲ. 20 ವರ್ಷದ ಮೇಲಾಯಿತು. ನನಗೆ ಇದು ಗೊತ್ತೇ ಆಗಿರಲಿಲ್ಲ, ಅದೇ ದೊಡ್ಡ ನೋವು. ಹಾಡು ನಿಂತದ್ದು ನನ್ನ ಕಿವಿಗೆ ತಿಳಿಯಲೇ ಇಲ್ಲ. ಅದೇ ವರ್ಷಗಳಲ್ಲಿ ನಾನು ಒಳ್ಳೆಯ ಸಂಗೀತ ಕೇಳುವುದನ್ನು ಕಲಿಯುತ್ತಿದ್ದೆ. ಅಂಬಾಬಾಯಿ ತಾನಾಗಿ ಸುಮ್ಮನಾದಳು. ಅವ್ವನನ್ನು ನಾನು ಸುಮ್ಮನಾಗಿಸಿದೆ.

ಗೊತ್ತಾದದ್ದು ಮಗಳಿಂದ. ಶಾಲೆಯಲ್ಲಿ ಒಂದು ಜನಪದ ಹಾಡು ಬರೆದು ತರಲು ಹೇಳಿದ್ದರು. ಅವಳಿಗೆ ಈಗ 14. ದಿನವಿಡೀ ಕಿವಿಯಲ್ಲಿ ಇಯರ್‌ಫೋನ್, ಕೊರಿಯಾದ ಹಾಡುಗಳು. ನಾನು ಬೈಯುವುದಿಲ್ಲ. ಒಂದು ಎಳೆ ತೆಗೆದು ನನ್ನ ಕಿವಿಗೂ ಇಡುತ್ತಾಳೆ, ಕೇಳುತ್ತೇನೆ. ಕೆಲವು ಚೆನ್ನಾಗಿವೆ. ಅವಳು ಹೋಗಿ ಅಜ್ಜಿಯನ್ನು ಕೇಳಿದಳು. ಅವ್ವ ಮೆಂತ್ಯಪಲ್ಲೆ ಬಿಡಿಸುತ್ತಾ ಅಂದಳು: "ನಂಗೆಲ್ಲಿ ಬರ್ತಾವವಾ ಹಾಡು? ನಿಮ್ಮಪ್ಪನ್ನ ಕೇಳು. ಅಂವಗ ಸಂಗೀತ ತಿಳೀತೈತಿ."

ಸಿಟ್ಟಿನಿಂದ ಹೇಳಲಿಲ್ಲ. ಚುಚ್ಚಲೂ ಇಲ್ಲ. ಮಗನ ಬಗ್ಗೆ ಹೆಮ್ಮೆಯಿಂದಲೇ ಹೇಳಿದಳು. ನಾನು ಪಡಸಾಲೆಯಲ್ಲಿ ಪೇಪರ್ ಹಿಡಿದು ಕುಳಿತಿದ್ದೆ. ಅಕ್ಷರ ಕಾಣಲಿಲ್ಲ.

ಅವತ್ತು ರಾತ್ರಿ ಊಟವಾದ ಮೇಲೆ ಅವಳ ಹತ್ತಿರ ಹೋಗಿ ಕುಳಿತೆ. 2004ರ ಮಾತು ತೆಗೆದೆ. "ಯಾವಾಗಪಾ? ನಂಗ ನೆನಪಿಲ್ಲ" ಅಂದಳು. ನೆನಪಿದೆ ಅವಳಿಗೆ. ಕೈ ನನ್ನ ಬೆನ್ನ ಮೇಲೆ ಬಂತು, ಅದರಿಂದ ಗೊತ್ತಾಯಿತು. ಬಹಳ ಹೊತ್ತು ಒತ್ತಾಯ ಮಾಡಿದೆ. ಮಗಳು ಫ್ಯಾನ್ ಆರಿಸಿ ಫೋನ್ ಹಿಡಿದು ಕುಳಿತಳು. ಅವ್ವ ಆ ಮದುವೆಯ ಪದವನ್ನೇ ಎತ್ತಿದಳು. ದನಿ ನಡುಗುತ್ತದೆ ಈಗ, 72 ವರ್ಷ. ಆದರೆ ಧಾಟಿ ಹಾಗೇ ಇದೆ. ಮೊದಲ ಸಾಲು ಬಂತು. ಎರಡನೆಯದು ಬಂತು, ಎರಡು ಸಲವೂ ಬಂತು, ಎರಡನೇ ಸಲ ಸ್ವಲ್ಪ ಏರಿತು. ಮೂರನೆಯದು ಬರಲಿಲ್ಲ. ಮತ್ತೆ ಮೊದಲಿನಿಂದ ಹೇಳಿದಳು. ಅಲ್ಲೇ ನಿಂತಳು. ತಾಳ ಹಾಕುತ್ತಿದ್ದ ಕೈ ಮಾತ್ರ ನಡೆಯುತ್ತಲೇ ಇತ್ತು. "ಹೋತು ನೋಡಪಾ" ಅಂದಳು. ಜೊತೆಗೆ ಹಾಡುತ್ತಿದ್ದ ದೊಡ್ಡವ್ವ ತೀರಿಕೊಂಡು ಆರು ವರ್ಷವಾಯಿತು. ಓಣಿಯ ಉಳಿದ ಹೆಣ್ಣುಮಕ್ಕಳನ್ನೂ ಕೇಳಿಸಿದೆ. ಅವರಿಗೆ ಬೇರೆ ಬೇರೆ ಪದಗಳು ನೆನಪಿವೆ, ಇದಿಲ್ಲ.

ಮಗಳು ಆ ಎರಡು ಸಾಲನ್ನೇ ಬರೆದುಕೊಂಡು ಹೋದಳು. ಮೂರನೇ ಸಾಲಿನ ಜಾಗ ಖಾಲಿ ಬಿಟ್ಟಿದ್ದಾಳೆ.

ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ. ಸುಮ್ನೆ ಕ್ಯಾಸೆಟ್ಟು, ಖೋಲಿ ಅಂತ ನಾಲ್ಕು ಮಾತು ಬರೆದು ಮುಗಿಸಲು ಕುಳಿತಿದ್ದೆ. ಇರಲಿ. ಈಗ ಸಂತೋಷದ ವಿಷಯ ಹೇಳುತ್ತೇನೆ. ಹಿತ್ತಲಿನಲ್ಲಿ ಮೆಟ್ಟಿಲಾಗಿ ಬಿದ್ದಿದ್ದ ಬೀಸುವ ಕಲ್ಲನ್ನು ತೊಳೆದು ಒಳಗೆ ತಂದಿಟ್ಟಿದ್ದೇನೆ. ಗೂಟ ಹೊಸದು ಹಾಕಿಸಿದೆ. ಮಗಳು ತಿರುಗಿಸಿ ನೋಡಿ ಎರಡೇ ನಿಮಿಷಕ್ಕೆ ಕೈ ಸೋತಳು, ಅವ್ವ ಹೊಟ್ಟೆ ತುಂಬ ನಕ್ಕಳು. ನೀನು ಯುಗಾದಿಗೆ ಬರುತ್ತೀ ಅಂತ ಹೇಳಿದ್ದೇನೆ. "ಆ ಉದ್ದನ ಹುಡುಗನಾ? ಬರ್ಲಿ, ಗಿರಮಿಟ್ ಮಾಡ್ತೀನಿ" ಅಂದಿದ್ದಾಳೆ. ನಿನ್ನ ತಲೆ ಬೆಳ್ಳಗಾದದ್ದು ಅವಳಿಗೆ ಗೊತ್ತಿಲ್ಲ. ನನ್ನ ಕ್ಯಾಸೆಟ್ ನಿನ್ನ ಹತ್ತಿರವೇ ಇದೆ, ಅದನ್ನೂ ತಾ. ಪೇಢೆ ನಾನು ತಂದಿಟ್ಟಿರುತ್ತೇನೆ, ಎಂದಿನಂತೆ ನಿನಗೆ ಒಂದು, ಹಲ್ಲಿಗೆ ಒಂದು.

ಮತ್ತೊಂದು ಮಾತು. ಮದುವೆ ಮುಗಿಸಿ ನಾವಿಬ್ಬರೂ ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ವಾಪಸ್ ಬಂದೆವಲ್ಲ, ನೀನು ಕಿಟಕಿಗೆ ತಲೆಯಿಟ್ಟು ದಾರಿಯುದ್ದಕ್ಕೂ ಅದೇ ಪದ ಗುನುಗುತ್ತಿದ್ದೆ. ಅವ್ವ ಅದನ್ನು ಅಂಗಳದಲ್ಲಿ ಬೆಳಗಿನಿಂದ ನಾಲ್ಕೈದು ಸಲ ಹಾಡಿದ್ದಳು. ನಿನಗೆ ಪೂರ್ತಿ ಬಂದಿತ್ತು. ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿದ್ದೆ. ಮೂರನೇ ಸಾಲು ನಿನ್ನ ತಲೆಯ ಯಾವುದಾದರೂ ಮೂಲೆಯಲ್ಲಿ ಉಳಿದಿದ್ದರೆ ಕಳಿಸು. ಹಾಡಿಯೇ ಕಳಿಸಬೇಕೆಂದಿಲ್ಲ. ಮಾತು ಸಿಕ್ಕರೆ ಸಾಕು, ಧಾಟಿ ಅವ್ವನ ಹತ್ತಿರ ಇದೆ.

ನಿನ್ನ ದೋಸ್ತ,
ಹುಬ್ಬಳ್ಳಿಯಿಂದ