ಮುಟ್ಟಿ ಮುಟ್ಟಿ ಸವೆದ ಕೌದಿಗೆ ನಿಮ್ಮ ನೆರವು ಬೇಕು

ಆತ್ಮೀಯರೇ,

ಯಾವ ಮ್ಯೂಸಿಯಂಗೆ ಹೋದರೂ ‘ಮುಟ್ಟಬೇಡಿ’ ಅನ್ನೋ ಬೋರ್ಡು ಇದ್ದೇ ಇರುತ್ತದೆ. ಕಣ್ಣು ಕಾಣದವರಿಗೆ ಆ ಬೋರ್ಡೂ ಕಾಣುವುದಿಲ್ಲ, ಗಾಜಿನ ಹಿಂದಿರುವ ವಸ್ತುವೂ ಕಾಣುವುದಿಲ್ಲ. ಜೊತೆಗೆ ಬಂದವರು ‘ಇಲ್ಲೊಂದು ಮೂರ್ತಿ ಇದೆ, ಚೆನ್ನಾಗಿದೆ’ ಅಂತ ಹೇಳಿ ಮುಂದಕ್ಕೆ ಕರೆದುಕೊಂಡು ಹೋಗುತ್ತಾರೆ. ಅಷ್ಟೇ.

ಇಟಲಿಯ ಆಲ್ಡೊ ಗ್ರಾಸಿನಿ, ಡ್ಯಾನಿಯೆಲಾ ಬೊಟ್ಟೆಗೋನಿ ದಂಪತಿಗೆ ಇದೇ ಅನುಭವ. ಇಬ್ಬರಿಗೂ ಕಣ್ಣು ಕಾಣುವುದಿಲ್ಲ, ಇಬ್ಬರಿಗೂ ಊರೂರು ತಿರುಗುವ ಹುಚ್ಚು. ಹೋದಲ್ಲೆಲ್ಲ ಮುಟ್ಟಬೇಡಿ ಅನ್ನಿಸಿಕೊಂಡು ಸಾಕಾಗಿ, ಅಂಕೋನಾ ಊರಿನಲ್ಲಿ ಮುಟ್ಟುವುದಕ್ಕೆಂದೇ ಒಂದು ಮ್ಯೂಸಿಯಂ ಆಗುವಂತೆ ಮಾಡಿದರು. 1993ರಲ್ಲಿ ಅದು ಶುರುವಾಯಿತು. ಹೆಸರು ಒಮೆರೊ. ನಮ್ಮ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲೂ 2015ರಲ್ಲಿ ‘ಅನುಭವ’ ಅನ್ನೋ ಸ್ಪರ್ಶ ಗ್ಯಾಲರಿ ತೆರೆಯಿತು. ಹಳೆಯ ಶಿಲ್ಪಗಳ ಪ್ರತಿಕೃತಿಗಳನ್ನು ಅಲ್ಲಿ ಕೈಯಾಡಿಸಿ ತಿಳಿಯಬಹುದು.

ಇವೆಲ್ಲ ಬೇಕು. ಆದರೆ ಕಣ್ಣಿಗಾಗಿ ಮಾಡಿದ್ದನ್ನು ಕೈಗೆ ಒಗ್ಗಿಸುವುದು ಒಂದು ಕೆಲಸ, ಕಣ್ಣಿನ ಹಂಗೇ ಇಲ್ಲದೆ ಹುಟ್ಟುವ ಕಲೆ ಬೇರೆ. ಕೆನಡಾದ ಕಲಾವಿದ ಕಾರ್ಮೆನ್ ಪಪಾಲಿಯಾ ಅಂಥ ಕೆಲಸ ಮಾಡುತ್ತಾರೆ. ದೃಷ್ಟಿ ಕಳೆದುಕೊಂಡವರು. ತಮ್ಮನ್ನು ಕುರುಡ ಅಂತ ಕರೆದುಕೊಳ್ಳುವುದಿಲ್ಲ, ಕಣ್ಣನ್ನು ನೆಚ್ಚದೆ ಕಲಿಯುವವನು ಅನ್ನುತ್ತಾರೆ. ಅವರ ಒಂದು ಕಲಾಕೃತಿ ಅಂದರೆ ಬರೀ ನಡಿಗೆ. ಬಂದವರೆಲ್ಲ ಕಣ್ಣು ಮುಚ್ಚಿ, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈಯಿಟ್ಟು ಸಾಲಾಗಿ ನಿಲ್ಲಬೇಕು. ಮುಂದೆ ಪಪಾಲಿಯಾ. ಮೆಟ್ಟಿಲು ಬಂತು, ಕಂಬ ಬಂತು ಅನ್ನುವ ಮಾತು ಸಾಲಿನುದ್ದಕ್ಕೂ ಬಾಯಿಂದ ಬಾಯಿಗೆ ಹೋಗಬೇಕು. ಇನ್ನೊಂದು ಸಲ ಅವರು ಬಿಳಿ ಕೋಲು ಬಿಟ್ಟು ಹೈಸ್ಕೂಲು ಮಕ್ಕಳ ಬ್ಯಾಂಡಿನ ದನಿಯನ್ನೇ ಹಿಡಿದು ನಡೆದರು. ಎದುರಿಗೆ ಏನಿದೆ ಅಂತ ತುತ್ತೂರಿ, ಡ್ರಮ್ಮುಗಳೇ ಹೇಳಬೇಕು! ಗೋಡೆಗೆ ನೇತುಹಾಕಲು ಏನೂ ಇಲ್ಲ, ಆದರೂ ಅದು ಕಲೆಯೇ.

ಧಾರವಾಡದಲ್ಲಿ ನಮ್ಮ ಟ್ರಸ್ಟ್ ನಡೆಸುತ್ತಿರುವ ಪುಟ್ಟ ಕಲಾಕೋಣೆಗೆ ಪ್ರೇರಣೆ ಇದೇ. ಮಧ್ಯದಲ್ಲಿ ಒಂದು ದೊಡ್ಡ ಕೌದಿ ಇಳಿಬಿಟ್ಟಿದ್ದೇವೆ. ಬಂದವರು ಒಂದು ತುಂಡು ಬಟ್ಟೆ ಆರಿಸಿ, ಸೇರಿಸಿ ಹೊಲಿದು ಹೋಗಬೇಕು. ಒಂದು ಅಂಚಿನಲ್ಲಿ ಕಸೂತಿ ಹಾಕಿದ ತುಂಡುಗಳಿವೆ. ಕಸೂತಿಯ ಗವಂತಿ ಅನ್ನೋ ಹೊಲಿಗೆಗೆ ಹಿಂದೆ-ಮುಂದೆ ಅನ್ನೋದಿಲ್ಲ, ಎರಡೂ ಬದಿ ಒಂದೇ. ಹೆಬ್ಬೆರಳು ಒಂದು ಕಡೆ, ತೋರುಬೆರಳು ಇನ್ನೊಂದು ಕಡೆ ಇಟ್ಟು ಜಾರಿಸಿದರೆ ಎರಡಕ್ಕೂ ಅದೇ ಗೆರೆ ಸಿಗುತ್ತದೆ. ಇದನ್ನು ನಮಗೆ ತೋರಿಸಿಕೊಟ್ಟವಳು ಅಂಧ ಮಕ್ಕಳ ಶಾಲೆಯಿಂದ ಬಂದ ಒಬ್ಬ ಹುಡುಗಿ. ಕಣ್ಣಿದ್ದವರೆಲ್ಲ ಕಸೂತಿಯ ಆನೆ, ಗೋಪುರ ನೋಡಿ ವಾವ್ ಅಂದು ಹೋಗಿದ್ದೆವು.

ಇನ್ನೊಂದು ಮೂಲೆಯಲ್ಲಿ ಸೂರಿನಿಂದ ಜೋಲುವ ಚೀಲಗಳು. ಒಳಗೆ ಲವಂಗ, ಅರಿಶಿನ, ಕರಿಮೆಣಸು. ಬ್ರೆಜಿಲ್‌ನ ಕಲಾವಿದ ಎರ್ನೆಸ್ಟೊ ನೆಟೊ ಹಿಗ್ಗುವ ಬಟ್ಟೆಯಲ್ಲಿ ಮಸಾಲೆ ತುಂಬಿ ದೊಡ್ಡ ದೊಡ್ಡ ಹಾಲ್‌ಗಳಲ್ಲಿ ಇಳಿಬಿಡುತ್ತಾರೆ. ನಮ್ಮ ಅಡುಗೆಮನೆಯ ಡಬ್ಬಿಯೊಳಗೇ ಇದ್ದದ್ದು ಬ್ರೆಜಿಲ್ ಸುತ್ತಿ ನಮ್ಮ ತಲೆಗೆ ಬಂತು ನೋಡಿ! ತಿಂಗಳಿಗೊಮ್ಮೆ ನಡಿಗೆಯೂ ಇದೆ. ಮುಂದಾಳು ದೃಷ್ಟಿ ಇಲ್ಲದ ನಮ್ಮ ಮಾರ್ಗದರ್ಶಿ. ಹಿಂದೆ ಕಣ್ಣು ಮುಚ್ಚಿದ ಮೇಷ್ಟ್ರು, ಬ್ಯಾಂಕಿನವರು, ಕಾಲೇಜು ಹುಡುಗರು. ಕಣ್ಣು ಮುಚ್ಚಿದವರ ಕಾಲು ತಡವರಿಸುತ್ತದೆ, ಮಾರ್ಗದರ್ಶಿಯದು ಇಲ್ಲ.

ಈಗ ದುಡ್ಡಿನ ಮಾತು. ಮುಟ್ಟುವ ಕಲೆ ಸವೆಯುತ್ತದೆ. ಕೌದಿ ಕೊಳೆಯಾಗುತ್ತದೆ, ದಾರ ಕೀಳುತ್ತದೆ. ಲವಂಗದ ವಾಸನೆ ದಿನ ಕಳೆದಂತೆ ಸತ್ತುಹೋಗುತ್ತದೆ, ಅರಿಶಿನಕ್ಕೆ ಹುಳ ಬೀಳುತ್ತದೆ. ಉದ್ಘಾಟನೆಗೆ, ಹೆಸರು ಕೆತ್ತಿದ ಕಲ್ಲಿಗೆ ಕೊಡುವವರು ಸಿಗುತ್ತಾರೆ. ಕೌದಿ ಒಗೆಸೋಕೆ ಕೊಡಿ ಅಂದರೆ ಸುಮ್ನೆ ನಗುತ್ತಾರೆ. ನಾವು ಕೇಳುತ್ತಿರುವುದು ಅದಕ್ಕೇ.

ವರ್ಷಕ್ಕೆ ಬೇಕಿರುವುದು 3,60,000 ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ, ಅಂದರೆ 1,92,000, ದೃಷ್ಟಿ ಇಲ್ಲದ ಇಬ್ಬರು ಮಾರ್ಗದರ್ಶಿಗಳ ಸಂಬಳ. ತಲಾ ತಿಂಗಳಿಗೆ 8,000. ಕಡಿಮೆಯೇ, ನಮಗೂ ಗೊತ್ತು. ಆದರೆ ಇದು ಸಂಬಳ, ಶಾಲು-ಹಾರದ ಗೌರವಧನ ಅಲ್ಲ. ಶಾಲೆಯ ಮಕ್ಕಳನ್ನು ಕರೆತರುವ ಬಸ್ಸಿಗೆ ಒಂದು ಸಲಕ್ಕೆ 4,500, ತಿಂಗಳಿಗೊಂದು ಟ್ರಿಪ್. ಮಸಾಲೆ ಬದಲಿಸಲು ತಿಂಗಳಿಗೆ 2,000. ಉಳಿದದ್ದು ಕೌದಿ ಹೊಲಿಯುವ ಅಕ್ಕಂದಿರ ಕೂಲಿಗೆ, ಕಲಾಕೋಣೆಯ ಸ್ಪೀಕರ್ ರಿಪೇರಿಗೆ.

500 ರೂಪಾಯಿ ಕೊಟ್ಟರೂ ಖುಷಿಯೇ. ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಕೊಡುವವರು ಸಿಕ್ಕರೆ ಇನ್ನೂ ಅನುಕೂಲ, ಸಂಬಳ ತಡವಾಗುವುದಿಲ್ಲ. ದುಡ್ಡೇ ಆಗಬೇಕೆಂದಿಲ್ಲ. ಹಳೆಯ ಇಳಕಲ್ ಸೀರೆ, ಧೋತರ, ಕಂಬಳಿಯ ತುಂಡು ಇದ್ದರೆ ಒಗೆದು ಕೊಡಿ. ನೈಲಾನ್ ಬೇಡ, ಕೈಗೆ ಎಲ್ಲ ಒಂದೇ ಥರ ಜಾರುತ್ತದೆ.

ಬ್ಯಾಂಕ್ ಖಾತೆಯ ವಿವರ ಈ ಪತ್ರದ ಜೊತೆಗಿರುವ ಚೀಟಿಯಲ್ಲಿದೆ. ಎಷ್ಟೇ ಕೊಟ್ಟರೂ ರಶೀದಿ ಕೊಡುತ್ತೇವೆ. ನಗದು 2,000 ರೂಪಾಯಿ ದಾಟಿದರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಹಾಗಾಗಿ ಅದಕ್ಕಿಂತ ಹೆಚ್ಚಿನದನ್ನು ಚೆಕ್ ಅಥವಾ ಯುಪಿಐ ಮೂಲಕ ಕಳಿಸಿ. ವರ್ಷದ ಲೆಕ್ಕಪತ್ರ ಕಲಾಕೋಣೆಯಲ್ಲೇ ಇರುತ್ತದೆ, ಬ್ರೈಲ್‌ನಲ್ಲೂ ಇರುತ್ತದೆ.

ಇಂತಿ,
ಟ್ರಸ್ಟಿನ ಪರವಾಗಿ ಕಾರ್ಯದರ್ಶಿ